ಈ ಜಿಗಿಹುಳು ಅಪರೂಪದ್ದೇ?

ಪ್ರಶ್ನೆ: ಕಾಡಂಚಿನ ಪೊದೆಯಲ್ಲಿ ಅಕ್ಕಿಕಾಳಿನಷ್ಟು ಉದ್ದದ, ಲೋಹದಂತೆ ಹೊಳೆಯುವ ಹುಳು ಕಂಡೆ. ಮುಟ್ಟಲು ಹೋದರೆ ಚಂಗನೆ ಹಾರಿತು. ಫೋಟೋ ಕಳಿಸಿದ್ದೇನೆ. ಇದು ಜಿಗಿಹುಳುವೇ? ಅಪರೂಪದ್ದೇ?

ಉತ್ತರ: ಫೋಟೋದಲ್ಲಿ ಹಿಂಗಾಲು ಇಷ್ಟು ಸ್ಪಷ್ಟವಾಗಿ ಬಂದಿದ್ದು ನೋಡಿ ಖುಷಿಯಾಯ್ತು. ಸ್ವಲ್ಪ ದೊಡ್ಡದು ಮಾಡಿ ನೋಡಿ. ಕಾಲಿನ ಉದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಸಣ್ಣ ಮುಳ್ಳುಗಳಿವೆ, ಅಲ್ವಾ? ಹಾಗಾಗಿ ಇದು ಗಿಡದ ರಸ ಹೀರುವ ಜಿಗಿಹುಳುವೇ. ಗಿಡದ ಮೇಲೆ ನೊರೆಯೊಳಗೆ ಬೆಳೆಯುವ ಹುಳುವಾಗಿದ್ದರೆ ಅಲ್ಲಿ ಒಂದೆರಡು ದಪ್ಪ ಮುಳ್ಳು ಮಾತ್ರ ಇರುತ್ತಿತ್ತು.

ಆದರೆ ಯಾವ ಪ್ರಭೇದ ಅಂತ ಫೋಟೋ ನೋಡಿ ಹೇಳಲಾರೆ. ಜಿಗಿಹುಳುಗಳಲ್ಲಿ 20,000ಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದೇ ಪ್ರಭೇದದಲ್ಲೂ ಬಣ್ಣ ಬೇರೆಬೇರೆ ಇರಬಹುದು. ಹೆಚ್ಚಿನವಕ್ಕೆ ಗಂಡು ಹುಳುವಿನ ಹೊಟ್ಟೆಯ ತುದಿ ಬಿಡಿಸಿ, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ತಿಳಿಯಾಗಿಸಿ, ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಹೆಣ್ಣು ಮಾತ್ರ ಸಿಕ್ಕರೆ ಎಷ್ಟೋ ಸಲ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ನಿಜಕ್ಕೂ ಅಪರೂಪದ್ದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಉಗಾಂಡಾದ ಕಿಬಾಲೆ ಕಾಡಿನಲ್ಲಿ 2018ರಲ್ಲಿ ಕೀಟವಿಜ್ಞಾನಿ ಆಲ್ವಿನ್ ಹೆಲ್ಡೆನ್ ಅವರಿಗೆ ಹೊಳೆಯುವ ಮೈಯ ಒಂದು ಜಿಗಿಹುಳು ಸಿಕ್ಕಿತು. ಉದ್ದ ಆರೂವರೆ ಮಿಲಿಮೀಟರ್. ಅದು ಸೇರಿದ ಫ್ಲೋಗಿಸ್ ಎಂಬ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಹುಳು ಅದಕ್ಕೂ ಮೊದಲು ಕೊನೆಯದಾಗಿ ಕಂಡದ್ದು 1969ರಲ್ಲಿ, ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ. ಅಂದರೆ ಸುಮಾರು ಐವತ್ತು ವರ್ಷದ ಅಂತರ! ಸಿಕ್ಕಿದ್ದು ಗಂಡಾಗಿತ್ತು. ಫ್ಲೋಗಿಸ್ ಕಿಬಾಲೆನ್ಸಿಸ್ ಎಂಬ ಹೊಸ ಪ್ರಭೇದವೆಂದು ಅದಕ್ಕೆ ಹೆಸರಿಟ್ಟರು.

ಈಗ ನಿಮ್ಮ ಪತ್ರದಲ್ಲಿ ಇಲ್ಲದ ಮುಖ್ಯ ಸಂಗತಿ. ಅದು ಯಾವ ಪೊದೆ? ಎಷ್ಟೋ ಜಿಗಿಹುಳುಗಳು ಒಂದೇ ಜಾತಿಯ, ಇಲ್ಲವೇ ಅದರ ಹತ್ತಿರದ ಗಿಡಗಳ ರಸ ಮಾತ್ರ ಹೀರುತ್ತವೆ. ಗಿಡ ಗೊತ್ತಾದರೆ ಹುಡುಕಾಟ ಅರ್ಧ ಮುಗಿದಂತೆ. ಒಮ್ಮೆ ನಾನು ಸುಂದರವಾದ ಹುಳುವೊಂದನ್ನು ಹಿಡಿದು ತಂದೆ, ಗಿಡದ ಒಂದು ಎಲೆಯನ್ನೂ ಕೀಳಲಿಲ್ಲ. ಆ ಹುಳು ಇವತ್ತಿಗೂ ಹೆಸರಿಲ್ಲದೆ ಪೆಟ್ಟಿಗೆಯಲ್ಲಿದೆ. ನೆನೆದಾಗೆಲ್ಲ ಬೇಜಾರಾಗುತ್ತದೆ.

ಹಾಗಾಗಿ ಮತ್ತೆ ಅದೇ ಪೊದೆಗೆ ಹೋಗಿ. ಎಲೆಗಳನ್ನು ಮೆಲ್ಲಗೆ ಮಗುಚಿ ಅಡಿಭಾಗ ನೋಡಿ. ದೊಡ್ಡ ಹುಳು ಎಲ್ಲಿಂದಲೋ ಹಾರಿ ಬಂದು ಸುಮ್ನೆ ಕೂತಿರಬಹುದು. ಮರಿಗಳಿಗೆ ರೆಕ್ಕೆ ಬೆಳೆದಿರುವುದಿಲ್ಲ, ಕೆಣಕಿದರೆ ಏಡಿಯಂತೆ ಅಡ್ಡಡ್ಡಕ್ಕೆ ಓಡುತ್ತವೆ. ಅವು ಸಿಕ್ಕರೆ, ಅಥವಾ ಕಳಚಿದ ಬಿಳಿ ಪೊರೆಗಳು ಎಲೆಗೆ ಅಂಟಿಕೊಂಡಿದ್ದರೆ, ಅದೇ ಅವುಗಳ ಮನೆ ಎನ್ನಬಹುದು. ದಿನ, ಜಾಗ, ನೆರಳೋ ಬಿಸಿಲೋ ಎಲ್ಲ ಬರೆದುಕೊಳ್ಳಿ. ಪೊದೆಯ ಎಲೆ, ಹೂವು, ಕಾಯಿಯ ಫೋಟೋ ಕಳಿಸಿ. ಅಪರೂಪದ್ದೋ ಅಲ್ಲವೋ ಎಂಬ ಮಾತನ್ನು ಆಮೇಲೆ ಆಡೋಣ.