ಅಮೆರಿಕದಲ್ಲಿ ಎಚ್1ಬಿ (ಕೆಲಸದ ವೀಸಾ) ಮೇಲಿದ್ದೀನಿ, ಕೆಲಸ ಹೋಗಿದೆ. ಸದ್ಯಕ್ಕೆ ಕೋಬ್ರಾ (ಕೆಲಸ ಹೋದ ಮೇಲೂ ಕಂಪನಿಯ ಹೆಲ್ತ್ ಇನ್ಶೂರೆನ್ಸನ್ನೇ ಸ್ವಂತ ದುಡ್ಡಲ್ಲಿ ಮುಂದುವರಿಸೋದು) ತಗೊಂಡು, ದುಬಾರಿ ಅನ್ನಿಸಿದಾಗ ಸರ್ಕಾರದ ಇನ್ಶೂರೆನ್ಸ್ ಸೈಟ್ ಹೆಲ್ತ್‌ಕೇರ್ ಡಾಟ್ ಗವ್‌ಗೆ ಹೋದರೆ ಆಗುತ್ತಾ?

ಆಗಲ್ಲ. ನಾನೂ ಇದೇ ಲೆಕ್ಕ ಹಾಕಿದ್ದೆ.

2023ರಲ್ಲಿ ಡಲ್ಲಾಸ್‌ನಲ್ಲಿ ಲೇಆಫ್ ಆಯಿತು. ಅಷ್ಟೊತ್ತಿಗೆ ಗ್ರೀನ್ ಕಾರ್ಡ್ ಬಂದಿತ್ತು, ಹಾಗಾಗಿ ವೀಸಾ ಚಿಂತೆ ಇರಲಿಲ್ಲ, ಇನ್ಶೂರೆನ್ಸ್ ಚಿಂತೆ ಮಾತ್ರ. ಕೋಬ್ರಾ ಕಾಗದ ಬಂತು: ಅದೇ ಪ್ಲಾನ್, ಅದೇ ಡಾಕ್ಟರು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಮ್ಮ ತಲೆ ಮೇಲೆ, ಜೊತೆಗೆ 2% ಖರ್ಚು ಬೇರೆ. ಮೂರು ಜನಕ್ಕೆ ತಿಂಗಳಿಗೆ 2,000 ಡಾಲರ್ ದಾಟಿತು. ಕೆಲಸ ಸಿಗೋವರೆಗೆ ತಾನೇ ಅಂತ ಸಹಿ ಹಾಕಿ ಕಳಿಸಿದೆ.

ಎಡವಿದ್ದು ಎಲ್ಲಿ ಅಂತ ಬಿಡಿಸಿಯೇ ಹೇಳ್ತೀನಿ. ಕಂಪನಿ ಇನ್ಶೂರೆನ್ಸ್ ಮುಗಿದ ದಿನದಿಂದ 60 ದಿನ ಮಾರ್ಕೆಟ್‌ಪ್ಲೇಸ್‌ಗೆ, ಅಂದರೆ ಆ ಸರ್ಕಾರಿ ಸೈಟ್‌ನಲ್ಲಿ ಸಿಗೋ ಪ್ಲಾನ್‌ಗೆ, ಸೇರೋಕೆ ನಿಮಗೆ ಅವಕಾಶ ಇರುತ್ತೆ. ಆ 60 ದಿನದೊಳಗೆ, ಕೋಬ್ರಾ ತಗೊಂಡಿದ್ದರೂ ಬಿಟ್ಟು ಬರಬಹುದು. ದಾಟಿತೋ, ಮುಗೀತು. ಆಮೇಲೆ ಕೋಬ್ರಾವನ್ನು ನೀವಾಗಿಯೇ ಬಿಟ್ಟರೂ ಅಷ್ಟೇ, ದುಡ್ಡು ಕಟ್ಟದೆ ಅದು ರದ್ದಾದರೂ ಅಷ್ಟೇ, ಇನ್ಶೂರೆನ್ಸ್ ಕಳೆದುಕೊಂಡಿರಿ ಅಂತ ಅವರು ಒಪ್ಪಲ್ಲ. ಕೋಬ್ರಾದ ಅವಧಿ, ಸಾಮಾನ್ಯವಾಗಿ 18 ತಿಂಗಳು, ಪೂರ್ತಿ ಮುಗಿಯಬೇಕು, ಇಲ್ಲಾ ನವೆಂಬರ್ 1ಕ್ಕೆ ಓಪನ್ ಎನ್ರೋಲ್‌ಮೆಂಟ್ (ವರ್ಷಕ್ಕೊಮ್ಮೆ ಕಾರಣ ಕೇಳದೆ ಸೇರಿಸಿಕೊಳ್ಳೋ ಅವಧಿ) ಶುರುವಾಗಬೇಕು. (ಮದುವೆ, ಮಗು, ಬೇರೆ ಊರಿಗೆ ಹೋಗೋದು, ಅಥವಾ ಹಳೇ ಕಂಪನಿ ಕೋಬ್ರಾಗೆ ಕೊಡುತ್ತಿದ್ದ ದುಡ್ಡು ನಿಲ್ಲಿಸೋದು, ಅಂಥದ್ದೇನಾದರೂ ಆದರೆ ಬೇರೆ ಮಾತು.) ನಾನು ಬಿಟ್ಟಿದ್ದು ಜುಲೈನಲ್ಲಿ, ದುಡ್ಡು ಕರಗುತ್ತಾ ಬಂದಾಗ. ಊರಲ್ಲಿ ಪಾಲಿಸಿ ಯಾವ ತಿಂಗಳು ಬೇಕಾದರೂ ತಗೊಳ್ಳಬಹುದಲ್ವಾ, ತಲೆಯಲ್ಲಿ ಅದೇ ಇತ್ತು. ಆದಾಯ, ಸೋಷಿಯಲ್ ಸೆಕ್ಯುರಿಟಿ ನಂಬರ್, ಎಲ್ಲಾ ತುಂಬಿದ ಮೇಲೆ ಫಲಿತಾಂಶದ ಪುಟ ಹೇಳಿತು, ಈಗ ಪ್ಲಾನ್ ಆರಿಸೋ ಹಾಗಿಲ್ಲ ಅಂತ. ಕೋಬ್ರಾಗೆ ವಾಪಸ್ ಹೋಗೋಕೂ ಆಗಲಿಲ್ಲ.

ಆಗಸ್ಟ್‌ನಲ್ಲಿ ಮಗ ಪಾರ್ಕ್‌ನಲ್ಲಿ ಬಿದ್ದು ಮೊಣಕೈ ಮುರಿದುಕೊಂಡ. ಎಮರ್ಜೆನ್ಸಿ, ಎಕ್ಸ್‌ರೇ, ಪಿನ್ ಹಾಕೋ ಆಪರೇಷನ್. ಇಲ್ಲಿ ಬಿಲ್ಲು ಒಂದೇ ಸಲ ಬರಲ್ಲ: ಆಸ್ಪತ್ರೆಯದು ಒಂದು, ಅನಸ್ತೇಷಿಯಾ ಕೊಟ್ಟವರದು ಒಂದು, ಎಕ್ಸ್‌ರೇ ನೋಡಿದವರದು ಇನ್ನೊಂದು. ಕೈ ಸರಿಹೋಗಿ ಅವನು ಮತ್ತೆ ಜೋಕಾಲಿ ಹತ್ತುವಾಗಲೂ ಲಕೋಟೆ ಬರ್ತಾನೇ ಇತ್ತು. ಚೌಕಾಶಿ ಮಾಡಿದರೆ ಕಡಿಮೆ ಮಾಡ್ತಾರೆ, ಮಾಡಿದ್ರು ಕೂಡ. ಉಳಿದದ್ದನ್ನು ಕಂತಿನಲ್ಲಿ ಕಟ್ಟಿದೆ.

ಆದ್ದರಿಂದ ಕೋಬ್ರಾ ಮೊದಲು, ಮಾರ್ಕೆಟ್‌ಪ್ಲೇಸ್ ಆಮೇಲೆ ಅನ್ನೋ ನಿಮ್ಮ ಕ್ರಮವನ್ನೇ ತಿರುಗಿಸಿ. ನಾನಾಗಿದ್ದರೆ ಕೋಬ್ರಾ ಕಾಗದಕ್ಕೆ ಸಹಿ ಹಾಕದೆ ಸುಮ್ನೆ ಇಟ್ಟುಕೊಂಡಿರ್ತೀನಿ. ಅದನ್ನು ಒಪ್ಪೋಕೂ ಕನಿಷ್ಠ 60 ದಿನ ಕೊಡ್ತಾರೆ, ತಡವಾಗಿ ಒಪ್ಪಿದರೂ ಹಳೇ ಇನ್ಶೂರೆನ್ಸ್ ನಿಂತ ದಿನದಿಂದಲೇ ಲೆಕ್ಕ, ಬಾಕಿ ಪ್ರೀಮಿಯಂ ಕಟ್ಟಬೇಕು ಅಷ್ಟೇ. ಮಧ್ಯೆ ಏನಾದರೂ ಆದರೆ ಆಗ ಸಹಿ ಹಾಕಿ. ಮಾರ್ಕೆಟ್‌ಪ್ಲೇಸ್ ಅರ್ಜಿ ಮಾತ್ರ ಈ ವಾರವೇ ಹಾಕಿ. ಪ್ಲಾನ್ ಆರಿಸಿದ ಮುಂದಿನ ತಿಂಗಳ 1ನೇ ತಾರೀಖಿಗೆ ಶುರುವಾಗುತ್ತೆ, ಅದೂ ಮೊದಲ ಪ್ರೀಮಿಯಂ ಕಟ್ಟಿದರೆ. ತುಂಬಾ ಜನ ಪ್ಲಾನ್ ಆರಿಸಿ, ಆಯ್ತು ಅಂತ ಕೂತುಬಿಡ್ತಾರೆ.

ಆದಾಯ ಕೇಳುವಾಗ ಈ ತಿಂಗಳ ಸೊನ್ನೆ ಬರೀಬೇಡಿ. ಪ್ರೀಮಿಯಂಗೆ ಸರ್ಕಾರ ಕೊಡೋ ಸಬ್ಸಿಡಿಗೆ ಲೆಕ್ಕಕ್ಕೆ ಬರೋದು ಇಡೀ ವರ್ಷದ ಆದಾಯ, ಲೇಆಫ್‌ಗೆ ಮುಂಚೆ ಬಂದ ಸಂಬಳ, ಸೆವೆರೆನ್ಸ್ (ಕೆಲಸದಿಂದ ತೆಗೆದಾಗ ಕಂಪನಿ ಕೊಡೋ ದುಡ್ಡು) ಎಲ್ಲಾ ಸೇರಿಸಿ. ಜಾಸ್ತಿ ತಗೊಂಡ ಸಬ್ಸಿಡಿಯನ್ನು ಟ್ಯಾಕ್ಸ್ ಫೈಲ್ ಮಾಡುವಾಗ ವಾಪಸ್ ಕಟ್ಟಬೇಕು, 2026ರ ವರ್ಷದಿಂದ ಅದಕ್ಕೆ ಮಿತಿಯೂ ಇಲ್ಲ. ಹೆಸರು ಸೋಷಿಯಲ್ ಸೆಕ್ಯುರಿಟಿ ಕಾರ್ಡ್‌ನಲ್ಲಿ ಇರೋ ಹಾಗೇ ಹಾಕಿ. ನಮ್ಮ ಇನಿಷಿಯಲ್, ಅಪ್ಪನ ಹೆಸರಿನ ಗೊಂದಲ ಗೊತ್ತಲ್ಲ.

ಇನ್ನೊಂದು. ಗೂಗಲ್‌ನಲ್ಲಿ ಮೇಲೆ ಬರೋ ಜಾಹೀರಾತು ಸೈಟ್‌ಗಳಿಗೆ ಫೋನ್ ನಂಬರ್ ಕೊಡಬೇಡಿ, ಊಟಕ್ಕೆ ಕೂರೋಕೂ ಬಿಡಲ್ಲ. ವಿಳಾಸದ ಕೊನೆಗೆ ಡಾಟ್ ಗವ್ ಇದೆಯಾ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಥರ ಕೆಲವು ರಾಜ್ಯಗಳಿಗೆ ತಮ್ಮದೇ ಸೈಟ್ ಇದೆ, ಕ್ಯಾಲಿಫೋರ್ನಿಯಾದ ಹಾಗೆ ಅವುಗಳಲ್ಲಿ ಕೆಲವಕ್ಕೆ ಡಾಟ್ ಗವ್ ಇರಲ್ಲ.

ಎಚ್1ಬಿ ಅಂದಿದ್ದೀರಿ. ಕೆಲಸ ಹೋದ ಮೇಲೂ ಇಲ್ಲಿರೋಕೆ ವೀಸಾದಲ್ಲಿ ಸಿಗೋ ಗರಿಷ್ಠ 60 ದಿನ ಕೆಲಸ ಮುಗಿದ ದಿನದಿಂದ, ಇನ್ಶೂರೆನ್ಸ್‌ನ 60 ದಿನ ಕವರೇಜ್ ನಿಂತ ದಿನದಿಂದ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ನಿಮ್ಮ ಕವರೇಜ್ ಯಾವ ತಾರೀಖಿಗೆ ನಿಲ್ಲುತ್ತೆ, ಯಾವ ರಾಜ್ಯದಲ್ಲಿದ್ದೀರಿ ಅಂತ ಬರೆದಿಲ್ಲ. ಹೇಳಿದರೆ ಗಡುವು ಲೆಕ್ಕ ಹಾಕಿ ಹೇಳ್ತೀನಿ.