ಸಭೆಯ ಸೇವೆಗಾಗಿ ಓಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಚರ್ಚಿನ ಸೇವೆಗೆ ಹಣ ಕೂಡಿಸಲು ಹಾಫ್ ಮ್ಯಾರಥಾನ್ (21.1 ಕಿ.ಮೀ.) ಓಡಬೇಕೆಂದಿರುವ ಯುವಜನರಿಂದಲೂ ಅವರ ಖಜಾಂಚಿಗಳಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಹಣದ ಪ್ರಶ್ನೆಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಕಾಲುನೋವು ಎರಡು ವಾರದಲ್ಲಿ ವಾಸಿಯಾಗಬಹುದು. ಲೆಕ್ಕದ ಮೇಲೆ ಎದ್ದ ಅನುಮಾನ ಸಭೆಯಲ್ಲಿ, ಅಂದರೆ ಚರ್ಚಿನ ಭಕ್ತಸಮುದಾಯದಲ್ಲಿ, ವರ್ಷಗಟ್ಟಲೆ ಉಳಿಯುತ್ತದೆ.

ಪ್ರಶ್ನೆ: ನಮ್ಮ ಯುವಜನ ಸಭೆಯ ಎಂಟು ಮಂದಿ 21 ಕಿ.ಮೀ. ಓಡಲಿದ್ದೇವೆ. ಘಟ್ಟದ ಮೇಲಿನ ಎರಡು ಪುಟ್ಟ ಸಭೆಗಳಿಗೆ ಹೋಗಿಬರುವ ಸುವಾರ್ತಿಕರಿಗೆ (ಕ್ರಿಸ್ತನ ಸಂದೇಶ ಸಾರುವವರಿಗೆ) ಒಂದು ಬೈಕು, ವರ್ಷದ ಪೆಟ್ರೋಲು ಮತ್ತು ಗೌರವಧನ ಒದಗಿಸುವ ಆಸೆ. ಜನರನ್ನು ಕಿಲೋಮೀಟರಿಗೆ ಇಷ್ಟು ಎಂದು ಕೇಳಬೇಕೋ, ಒಟ್ಟು ಮೊತ್ತ ಕೇಳಬೇಕೋ?
– ಕಾರ್ಯದರ್ಶಿ, ಉಡುಪಿ

ಉತ್ತರ: ಒಟ್ಟು ಮೊತ್ತವನ್ನೇ ಕೇಳಿ, ಓಟಕ್ಕೆ ಮೊದಲೇ ಪಡೆಯಿರಿ. ಕಿಲೋಮೀಟರಿಗೆ 50 ರೂಪಾಯಿ ಎಂದರೆ ಕೇಳಲು ಚೆಂದ, ಕೊಡುವವರಿಗೂ ಹಗುರ ಅನಿಸುತ್ತದೆ, 21 ಕಿ.ಮೀ.ಗೆ 1,050 ರೂಪಾಯಿ ಆಗುತ್ತದೆ. ಆದರೆ ವಸೂಲಿಯೆಲ್ಲ ಓಟ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ, ಒಬ್ಬೊಬ್ಬರ ಮನೆಗೆ ಮೂರು ಸಲ ಹೋಗಬೇಕಾಗುತ್ತದೆ. ಓಟಗಾರ 15ನೇ ಕಿಲೋಮೀಟರಿನಲ್ಲಿ ನಿಂತರೆ ಕೊಡಬೇಕಾದದ್ದೆಷ್ಟು ಎಂಬ ಚರ್ಚೆ ಬೇರೆ. ಮಕ್ಕಳ ಓಟಕ್ಕೆ, ಮೈದಾನದ ಸುತ್ತು ಎಣಿಸುವ ಕಡೆ, ಕಿಲೋಮೀಟರ್ ಲೆಕ್ಕ ಒಪ್ಪುತ್ತದೆ. ದೊಡ್ಡವರ ಓಟಕ್ಕೆ ಬೇಡ.

ಮೊದಲು ಖರ್ಚನ್ನು ಬಿಡಿಬಿಡಿಯಾಗಿ ಬರೆಯಿರಿ. ಉದಾಹರಣೆಗೆ ಬೈಕಿಗೆ 1,20,000, ಪೆಟ್ರೋಲಿಗೆ ತಿಂಗಳಿಗೆ 3,000ದಂತೆ 36,000, ಗೌರವಧನ ತಿಂಗಳಿಗೆ 7,000ದಂತೆ 84,000. ಒಟ್ಟು 2,40,000 ರೂಪಾಯಿ. ಎಂಟು ಮಂದಿಗೆ ಹಂಚಿದರೆ ತಲಾ 30,000. ಅದನ್ನು ಇನ್ನೂ ಒಡೆಯಿರಿ: 2,000 ಕೊಡುವವರು ಐದು ಮಂದಿ, 1,000 ಕೊಡುವವರು ಹನ್ನೆರಡು, 500 ಕೊಡುವವರು ಹದಿನಾರು. ಮೂವತ್ಮೂರು ಜನ ಕೊಡಬೇಕಾದರೆ ಅರವತ್ತು ಜನರನ್ನು ಕೇಳುವ ಪಟ್ಟಿ ಕೈಯಲ್ಲಿರಬೇಕು. ಮನೆಯವರು, ಸಭೆಯವರು, ಕೆಲಸದ ಜಾಗದವರು ಎಂದು ಮೂರು ಭಾಗ ಮಾಡಿ. ಎಂಟು ಮಂದಿಯೂ ಒಂದೇ ಸಭೆಯ ಬಾಗಿಲಲ್ಲಿ ನಿಂತರೆ ಅದೇ ಹಿರಿಯರು ಎಂಟು ಸಲ ಜೇಬಿಗೆ ಕೈ ಹಾಕಬೇಕಾಗುತ್ತದೆ. ಯಾರು ಯಾರನ್ನು ಕೇಳುವುದೆಂದು ಮೊದಲೇ ಕುಳಿತು ಹಂಚಿಕೊಳ್ಳಿ.

ಕೇಳುವ ಮಾತು ಹೀಗೆ ಚಿಕ್ಕದಾಗಿರಲಿ: “ನಮ್ಮ ಸುವಾರ್ತಿಕರು ಬಸ್ಸಿಲ್ಲದ ದಿನ ನಡೆದೇ ಹೋಗುತ್ತಾರೆ. ಅವರ ಬೈಕಿಗಾಗಿ ನಾನು 21 ಕಿ.ಮೀ. ಓಡುತ್ತಿದ್ದೇನೆ. ನೀವು 1,000 ರೂಪಾಯಿ ಕೊಟ್ಟರೆ ಹತ್ತು ದಿನದ ಪೆಟ್ರೋಲಿಗಾಗುತ್ತದೆ.” ಮೊತ್ತ ಹೇಳದೆ “ನಿಮ್ಮ ಕೈಲಾದಷ್ಟು” ಎಂದರೆ ಕೊಡುವವರಿಗೇ ಸಂಕೋಚ. ಓಟಕ್ಕೆ ಎಂಟು ವಾರ ಇರುವಾಗ ಶುರುಮಾಡಿ, ನಾಲ್ಕು ವಾರ ಇರುವಾಗ ಒಂದು ಸಲ, ಕೊನೆಯ ವಾರದಲ್ಲಿ ಇನ್ನೊಂದು ಸಲ ನೆನಪಿಸಿ. ಚರ್ಚಿನ ಬೆಳೆ ಹಬ್ಬದ ಹರಾಜಿನ ಆಸುಪಾಸಿನಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ; ಎರಡೂ ಸೊರಗುತ್ತವೆ.

ಹಣ ಓಟಗಾರರ ಸ್ವಂತ ಯುಪಿಐಗೆ ಬರಲೇಬಾರದು. ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ. ಮನೆಯ ಕರೆಂಟ್ ಬಿಲ್ಲು, ಗೆಳೆಯನ ಸಾಲ, ಸಭೆಯ ಕಾಣಿಕೆ ಎಲ್ಲ ಒಂದೇ ಖಾತೆಯಲ್ಲಿ ಬೆರೆತ ಮೇಲೆ ಪ್ರಾಮಾಣಿಕನಾದವನಿಗೂ ಬಿಡಿಸಿ ತೋರಿಸಲಾಗುವುದಿಲ್ಲ. ಸಭೆಯ ಬ್ಯಾಂಕ್ ಖಾತೆಯ ಕ್ಯೂಆರ್ ಕೋಡನ್ನೇ ಕೊಡಿ, ಕೊಡುವವರು ವಿವರದಲ್ಲಿ “ಓಟ” ಎಂದೂ ಓಟಗಾರನ ಹೆಸರನ್ನೂ ಬರೆಯಲಿ. ನಗದು ಬಂದರೆ ಅಂಚಿನಲ್ಲಿ ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕದಿಂದ ಅಲ್ಲಿಯೇ ರಸೀದಿ ಹರಿದುಕೊಡಿ. ವಾಗ್ದಾನ ಪಟ್ಟಿಯ ಒಂದು ಸಾಲು ಹೀಗಿರಬೇಕು: ಕ್ರಮಸಂಖ್ಯೆ, ಹೆಸರು, ಫೋನ್, ವಾಗ್ದಾನ ಮಾಡಿದ ಮೊತ್ತ, ಬಂದ ಮೊತ್ತ, ಬಂದ ದಿನ, ನಗದೋ ಯುಪಿಐಯೋ, ರಸೀದಿ ಸಂಖ್ಯೆ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರು ಕುಳಿತು ಎಣಿಸಿ, ಇಬ್ಬರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಟಿ. ಆ ಇಬ್ಬರು ಒಂದೇ ಮನೆಯವರಾಗಿರಬಾರದು.

ಇದು ಹೊಸ ಶಿಸ್ತೇನಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸಿದಾಗ ಅಪೊಸ್ತಲ ಪೌಲನು ವಾರದ ಮೊದಲನೆಯ ದಿನ ಒಬ್ಬೊಬ್ಬರೂ ತಮ್ಮ ಪಾಲನ್ನು ತೆಗೆದಿಡಲು ಕೊರಿಂಥದವರಿಗೆ ಹೇಳಿದನು. ಆ ಹಣದ ವಿಷಯದಲ್ಲಿ ಯಾರೂ ತಪ್ಪೆಣಿಸಬಾರದೆಂದು ತನ್ನ ಜೊತೆಗೆಲಸದವನಾದ ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನನ್ನೂ ಕಳುಹಿಸಿದನು. ಬೈಬಲಿನಲ್ಲಿ ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯವನ್ನು ನಿಮ್ಮ ತಂಡ ಮೊದಲ ಸಲ ಸೇರಿದಾಗ ಓದಿ. ಓಟದ ಬಗ್ಗೆ ಅದೇ ಪೌಲನು ಮೊದಲನೆಯ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಬರೆದದ್ದು ಎಲ್ಲರಿಗೂ ಬಾಯಿಪಾಠ. ಹಣದ ಬಗ್ಗೆ ಬರೆದದ್ದೂ ಹಾಗೇ ಬಾಯಿಗೆ ಬರಬೇಕು.

ನೋಂದಣಿ ಶುಲ್ಕ, ಶೂ, ಬಸ್ ಚಾರ್ಜು ಓಟಗಾರರ ಕೈಯಿಂದಲೇ ಹೋಗಲಿ. ದಾನದ ಹಣದಿಂದ ಕಳೆಯಲೇಬೇಕಾದ ಖರ್ಚಿದ್ದರೆ ಅದನ್ನು ಕೇಳುವಾಗಲೇ ಹೇಳಿ. ಹಣ ಗುರಿಗಿಂತ ಹೆಚ್ಚು ಬಂದರೆ ಎಲ್ಲಿಗೆ, ಕಡಿಮೆ ಬಂದರೆ ಮೊದಲು ಯಾವುದಕ್ಕೆ ಎಂಬುದನ್ನೂ ಸಭಾ ಸಮಿತಿಯ ನಡಾವಳಿಯಲ್ಲಿ ಬರೆಸಿಡಿ.

ಪ್ರಶ್ನೆ: ದಾನಿಗಳು 80ಜಿ ರಸೀದಿ (ಆದಾಯ ತೆರಿಗೆ ವಿನಾಯಿತಿಗೆ ಬೇಕಾದ ರಸೀದಿ) ಕೇಳುತ್ತಾರೆ. ದುಬೈಯಲ್ಲಿರುವ ಅಣ್ಣ, ಕೆನಡಾದ ಪೌರತ್ವ ಪಡೆದಿರುವ ಚಿಕ್ಕಪ್ಪ ಇಬ್ಬರೂ ಕಳುಹಿಸಲು ಸಿದ್ಧ. ನನ್ನ ಖಾತೆಗೆ ತರಿಸಿಕೊಂಡು ಚರ್ಚಿಗೆ ಕಟ್ಟಬಹುದೇ?
– ಓದುಗರು, ಮಂಗಳೂರು

ಉತ್ತರ: ಅಣ್ಣನ ಹಣ ತೆಗೆದುಕೊಳ್ಳಬಹುದು, ಚಿಕ್ಕಪ್ಪನದ್ದು ಹಾಗೆ ಬೇಡ. ಭಾರತೀಯ ಪಾಸ್‌ಪೋರ್ಟ್ ಇರುವವರು ವಿದೇಶದಲ್ಲಿ ದುಡಿದು ಉಳಿಸಿದ ತಮ್ಮ ಸ್ವಂತ ಹಣವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅದನ್ನೂ ಅವರು ನೇರವಾಗಿ ಸಭೆಯ ಖಾತೆಗೇ ಹಾಕಲಿ. ಪಾಸ್‌ಪೋರ್ಟಿನ ಪ್ರತಿಯೊಂದನ್ನು ಖಜಾಂಚಿ ಕಡತದಲ್ಲಿಟ್ಟುಕೊಳ್ಳಲಿ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಸರಿ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾನೂನಿನ ಮಟ್ಟಿಗೆ ವಿದೇಶಿ ಮೂಲ. ಅವರ ಹಣ ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅದರ ಗೊತ್ತುಪಡಿಸಿದ ಖಾತೆಗೇ ಬರಬೇಕು. ನಿಮ್ಮ ಖಾತೆಗೆ ತರಿಸಿ ಚರ್ಚಿಗೆ ದಾಟಿಸುವುದು ಸುಲಭದ ದಾರಿಯಂತೆ ಕಂಡರೂ ನಿಮ್ಮನ್ನೂ ಚರ್ಚನ್ನೂ ಕಾನೂನಿನ ತೊಡಕಿಗೆ ಸಿಕ್ಕಿಸುತ್ತದೆ. ಎಂಥ ಒಳ್ಳೆಯ ಉದ್ದೇಶವಿದ್ದರೂ ಮಾಡಬೇಡಿ.

80ಜಿ ವಿಷಯ: ಒಂದು ನಿರ್ದಿಷ್ಟ ಧಾರ್ಮಿಕ ಸಮುದಾಯದ ಪ್ರಯೋಜನಕ್ಕೆಂದೇ ಇರುವ ಟ್ರಸ್ಟಿಗೆ ಸಾಮಾನ್ಯವಾಗಿ ಈ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಸುವಾರ್ತಾ ಸೇವೆಗೆ ಕೊಟ್ಟ ಹಣಕ್ಕೆ 80ಜಿ ರಸೀದಿಯನ್ನು ನಿರೀಕ್ಷಿಸಬೇಡಿ. ಚರ್ಚು ನಡೆಸುವ ಆಸ್ಪತ್ರೆ, ಶಾಲೆ, ವೃದ್ಧಾಶ್ರಮಗಳು ಬೇರೆ ಟ್ರಸ್ಟಿನ ಹೆಸರಿನಲ್ಲಿದ್ದು ಅನುಮೋದನೆ ಪಡೆದಿದ್ದರೆ ಸಿಗುತ್ತದೆ. ಆಗ ಹಣವೂ ಆ ಕೆಲಸಕ್ಕೇ ಹೋಗಬೇಕು. ಅನುಮೋದನೆ ಇದ್ದರೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ. ಮಾರ್ಚ್ ಕೊನೆಯಲ್ಲಿ ಗೊತ್ತಾದರೆ ದಾನಿಗೆ ಮೋಸವಾದಂತೆ ಅನಿಸುತ್ತದೆ.

ಪ್ರಶ್ನೆ: ನನಗೆ 42 ವರ್ಷ, ಭಾನುವಾರ ಶಾಲೆಯ ಶಿಕ್ಷಕಿ. ದಿನಾ 5 ಕಿ.ಮೀ. ನಡೆಯುತ್ತೇನೆ, ಓಡಿ ಅಭ್ಯಾಸವಿಲ್ಲ. 16 ವಾರದಲ್ಲಿ 21 ಕಿ.ಮೀ. ಸಾಧ್ಯವೇ?
– ಓದುಗರು, ಕುಂದಾಪುರ

ಉತ್ತರ: ಸಾಧ್ಯ, ಓಟ-ನಡಿಗೆ ಬೆರೆಸಿದರೆ. ಮೊದಲು ವೈದ್ಯರ ಹತ್ತಿರ ರಕ್ತದೊತ್ತಡ, ಸಕ್ಕರೆ, ಇಸಿಜಿ ಮಾಡಿಸಿಕೊಳ್ಳಿ. ನಡೆಯುವಾಗ ಎದೆ ಬಿಗಿತ, ತಲೆ ಸುತ್ತು ಇದ್ದದ್ದಾದರೆ ಅದನ್ನು ಮುಚ್ಚಿಡದೆ ಹೇಳಿ.

ವಾರಕ್ಕೆ ಮೂರು ದಿನ ಸಾಕು. ಮಂಗಳವಾರ, ಗುರುವಾರ ತಲಾ 4ರಿಂದ 6 ಕಿ.ಮೀ., ಶನಿವಾರ ಉದ್ದದ ಓಟ. ಭಾನುವಾರ ಮಕ್ಕಳ ಮುಂದೆ ನಿಂತು ಪಾಠ ಹೇಳುವ ದಿನ, ಅಂದು ವಿಶ್ರಾಂತಿ. ಶನಿವಾರದ ದೂರ ವಾರದಿಂದ ವಾರಕ್ಕೆ ಹೀಗೆ ಏರಲಿ: 6, 7, 8, ಮತ್ತೆ 6, ಆಮೇಲೆ 9, 10, 11, ಮತ್ತೆ 8, 12, 14, 15, ಮತ್ತೆ 10, 16, 18, 12, ಹದಿನಾರನೇ ವಾರ ಓಟ. ನಾಲ್ಕನೇ ವಾರಕ್ಕೊಮ್ಮೆ ದೂರ ಇಳಿಯುವುದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಮೂಳೆ, ಸ್ನಾಯುರಜ್ಜು ಉಸಿರಿಗಿಂತ ನಿಧಾನವಾಗಿ ಗಟ್ಟಿಯಾಗುತ್ತವೆ. ಹಾಗೆ ದೂರ ಇಳಿಸದವರಿಗೇ ಹೆಚ್ಚಾಗಿ ಮೊಣಕಾಲ ಕೆಳಗಿನ ಮುಂಗಾಲ ಮೂಳೆಯ ಉದ್ದಕ್ಕೂ ನೋವು ಹತ್ತುವುದು. ಒಂದೇ ಜಾಗ ಬೆರಳಿನಿಂದ ಒತ್ತಿದಾಗ ಚುಚ್ಚಿದಂತಾದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಶುರುವಿನಲ್ಲಿ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಎಂಟನೇ ವಾರದ ಹೊತ್ತಿಗೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಕಿಲೋಮೀಟರಿಗೆ ಎಂಟೂವರೆ ನಿಮಿಷದಂತೆ ಹೋದರೆ 21.1 ಕಿ.ಮೀ. ಮೂರು ಗಂಟೆಯೊಳಗೆ ಮುಗಿಯುತ್ತದೆ. ನಿಮ್ಮ ಓಟದ ಸಮಯದ ಮಿತಿ ಎಷ್ಟೆಂದು ನೋಂದಣಿಗೆ ಮೊದಲೇ ನೋಡಿಕೊಳ್ಳಿ.

ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬೆಂಗಳೂರಿನವರ ವೇಗದ ಜೊತೆ ಹೋಲಿಸಿಕೊಳ್ಳಬೇಡಿ. ಬೆಳಿಗ್ಗೆ ಐದಕ್ಕೇ ಹೊರಡಿ. ಬಾಯಾರಿಕೆ ನೋಡಿಕೊಂಡು 20 ನಿಮಿಷಕ್ಕೊಮ್ಮೆ 150ರಿಂದ 200 ಮಿ.ಲೀ. ಕುಡಿಯಿರಿ. ಎರಡು ಗಂಟೆ ಮೀರಿದ ಓಟಕ್ಕೆ ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಒಂದು ಲೀಟರಿಗೇ ಕಲಸಿ. ಅರ್ಧ ಲೋಟಕ್ಕೆ ಸುರಿದು ಕುಡಿದರೆ ವಾಂತಿ ಬರುತ್ತದೆ. ಹೆದರಿಕೆಯಿಂದ ಸಿಕ್ಕಸಿಕ್ಕಲ್ಲಿ ಬರೀ ನೀರು ಕುಡಿದವರಿಗೆ ರಕ್ತದ ಸೋಡಿಯಂ ಇಳಿಯುತ್ತದೆ: ಬೆರಳು ಊದಿ ಉಂಗುರ ಬಿಗಿಯುವುದು, ತಲೆನೋವು, ವಾಕರಿಕೆ, ಮಾತು ತಡವರಿಸುವುದು ಅದರ ಗುರುತು. ಅಂಥವರಿಗೆ ಮತ್ತಷ್ಟು ನೀರು ಕುಡಿಸಬೇಡಿ, ವೈದ್ಯಕೀಯ ತಂಡವನ್ನು ಕರೆಯಿರಿ.

ಒಂದೂವರೆ ಗಂಟೆ ಮೀರಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಪಚ್ಚಬಾಳೆ ಒಂದರಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಬೆಲ್ಲವಂತೂ ಹೆಚ್ಚುಕಡಿಮೆ ಪೂರ್ತಿ ಸಕ್ಕರೆಯೇ. ಜೆಲ್ (ಓಟದ ನಡುವೆ ಸೇವಿಸುವ ಸಕ್ಕರೆಯ ಪಾಕದ ಪೊಟ್ಟಣ) ಕೊಂಡರೆ ಶನಿವಾರದ ಓಟದಲ್ಲಿ ಎರಡು ಸಲ ನೋಡಿ, ಹೊಟ್ಟೆ ಒಪ್ಪಿತೆಂದರೆ ಮಾತ್ರ ಒಯ್ಯಿರಿ. ಹಿಂದಿನ ಸಂಜೆ ಗಂಜಿ, ಉಪ್ಪಿನಕಾಯಿ, ಸ್ವಲ್ಪ ಮೀನು ಸಾಕು. ಹಂದಿಮಾಂಸದ ಸಾರನ್ನು ಓಟ ಮುಗಿದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಹೊರಡುವ ಎರಡು ಗಂಟೆ ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣು.

ಶೂ ತುದಿಯಲ್ಲಿ ಹೆಬ್ಬೆರಳಿನಷ್ಟು ಜಾಗ ಇರಲಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಕೊಳ್ಳಿ. ಹೊಸ ಶೂವನ್ನು ಓಟದ ದಿನ ಮೊದಲ ಸಲ ಹಾಕಲೇಬೇಡಿ. ತೊಡೆಸಂದು, ಕಂಕುಳು, ಒಳಉಡುಪಿನ ಅಂಚು ಮೈಗೆ ತಾಗುವ ಕಡೆ ವ್ಯಾಸಲೀನ್ ಹಚ್ಚಿ.

ಪ್ರಶ್ನೆ: ಓಟಗಳೆಲ್ಲ ಭಾನುವಾರ ಬೆಳಿಗ್ಗೆಯೇ. ಪೂಜೆ ತಪ್ಪಿಸಿ ಚರ್ಚಿಗಾಗಿ ಓಡುವುದು ಸರಿಯೇ ಎಂದು ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರು ಕೇಳಿದರು.
– ಓದುಗರು, ಮೂಡುಬಿದಿರೆ

ಉತ್ತರ: ಅವರು ಕೇಳಿದ್ದು ಸರಿಯಾಗಿಯೇ ಇದೆ. ಕಥೊಲಿಕರಿಗೆ ದಾರಿ ಇದೆ: ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ವಿಧಿಯಂತೆ ಹಿಂದಿನ ದಿನ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕಟ್ಟಳೆ ನೆರವೇರುತ್ತದೆ. ಶನಿವಾರ ಸಂಜೆಯ ಪೂಜೆಗೆ ಇಡೀ ತಂಡ ಒಟ್ಟಿಗೆ ಹೋಗಿ, ಧರ್ಮಗುರುಗಳ ಆಶೀರ್ವಾದ ಪಡೆಯಿರಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸಭಾಪಾಲಕರೊಡನೆ ಮಾತಾಡಿ, ಸಂಜೆಯ ಆರಾಧನೆಗೆ ಬರುವ ಏರ್ಪಾಡು ಮಾಡಿಕೊಳ್ಳಿ. ಶುಭ ಶುಕ್ರವಾರದ ಉಪವಾಸದ ಮರುದಿನ ಉದ್ದದ ಓಟ ಬೇಡ, ಆ ವಾರ ಅದನ್ನು ಬುಧವಾರಕ್ಕೆ ಹಿಂದೂಡಿ.

ಪ್ರಶ್ನೆ: ಟೀ-ಶರ್ಟಿನ ಎದೆಯ ಮೇಲೆ ಬೈಬಲ್ ವಾಕ್ಯ ಮುದ್ರಿಸುವ ಯೋಚನೆಯಿದೆ.
– ಓದುಗರು, ಶಿವಮೊಗ್ಗ

ಉತ್ತರ: ಎದೆಯ ಮೇಲೆ ಓಟದ ಸಂಖ್ಯೆಯ ಬಿಬ್ ಪಿನ್ನು ಹಾಕಿ ಕೂರಿಸಬೇಕು, ಅದು ವಾಕ್ಯವನ್ನೇ ಮುಚ್ಚುತ್ತದೆ. ಬೆನ್ನ ಮೇಲೆ ಮುದ್ರಿಸಿ, ಹಿಂದಿನಿಂದ ಬರುವವರು ಓದುತ್ತಾರೆ. ಎದೆಯ ದಪ್ಪ ರಬ್ಬರ್ ಮುದ್ರೆ ಬೆವರು ಹಿಡಿದು ಗಂಡಸರ ಮೊಲೆತೊಟ್ಟು ಉಜ್ಜಿ ರಕ್ತ ಬರಿಸುತ್ತದೆ. ಹತ್ತಿ ಬಟ್ಟೆ ಬೇಡ, ನೆನೆದರೆ ಭಾರ. ತೆಳು ಪಾಲಿಯೆಸ್ಟರ್ ಒಳ್ಳೆಯದು. ಮುದ್ರಿಸುವ ಮೊದಲು ಸಂಘಟಕರ ನಿಯಮ ಓದಿ. ಓಟದ ದಾರಿಯಲ್ಲಿ ಕರಪತ್ರ ಹಂಚಬೇಡಿ, ಕಾಲಡಿಗೆ ಬಿದ್ದ ಕಾಗದ ಹಿಂದಿನವರನ್ನು ಜಾರಿಸುತ್ತದೆ.

ಪ್ರಶ್ನೆ: ಮುಂಬೈ ಮ್ಯಾರಥಾನಿನಲ್ಲಿ ಸಂಘಟಕರ ದಾನಸಂಗ್ರಹದ ಮೂಲಕವೇ ನಮ್ಮ ಚರ್ಚಿಗೆ ಹಣ ಕೂಡಿಸಬಹುದೇ?
– ಓದುಗರು, ಅಂಧೇರಿ

ಉತ್ತರ: ಆ ವ್ಯವಸ್ಥೆಯಲ್ಲಿ ಹಣ ಹೋಗುವುದು ಮೊದಲೇ ನೋಂದಾಯಿಸಿಕೊಂಡ ಸೇವಾಸಂಸ್ಥೆಗಳಿಗೆ. ನಿಮ್ಮ ಸಭೆಗೆ ಸಂಬಂಧಿಸಿದ ಸೇವಾ ಟ್ರಸ್ಟು ಆ ಪಟ್ಟಿಯಲ್ಲಿದ್ದರೆ ಅದರ ಮೂಲಕ ಹೋಗಿ. ಇಲ್ಲದಿದ್ದರೆ ಸಾಮಾನ್ಯ ಪ್ರವೇಶ ಪಡೆದು, ಮೇಲೆ ಹೇಳಿದಂತೆ ಸಭೆಯ ಖಾತೆಗೇ ಬೇರೆಯಾಗಿ ಕೂಡಿಸಿ. ಓಟ ಜನವರಿಯಲ್ಲಿ, ತಯಾರಿ ಸೆಪ್ಟೆಂಬರಿನಲ್ಲೇ ಶುರುವಾಗಬೇಕು. ಪೆಡ್ಡರ್ ರಸ್ತೆಯ ಏರು ಓಟದ ಕೊನೆಯ ಭಾಗದಲ್ಲಿ ಎದುರಾಗುತ್ತದೆ. ಮೊದಲ ಮೂರು ಕಿಲೋಮೀಟರಿನಲ್ಲಿ ಗುಂಪಿನ ಹುಮ್ಮಸ್ಸಿಗೆ ವೇಗ ಕೂಡಿಸಿದವರು ಅಲ್ಲಿ ಅದರ ಬೆಲೆ ತೆರುತ್ತಾರೆ.

ಪ್ರಶ್ನೆ: ತಂಡದ ಒಬ್ಬನಿಗೆ ಕಾಲು ಉಳುಕಿ ಓಡಲಾಗಲಿಲ್ಲ. ಅವನು ಕೂಡಿಸಿದ ಹಣ ಹಿಂದಿರುಗಿಸಬೇಕೇ? ಲೆಕ್ಕ ಒಪ್ಪಿಸುವುದು ಹೇಗೆ?
– ಖಜಾಂಚಿ, ಹಾಸನ

ಉತ್ತರ: ಪ್ರತಿ ದಾನಿಗೂ ಅವನೇ ಫೋನ್ ಮಾಡಿ ನಡೆದದ್ದು ಹೇಳಲಿ, ಹಣ ವಾಪಸು ಬೇಕೇ ಎಂದು ಕೇಳಲಿ. ಕೇಳಿದವರಿಗೆ ಸಭೆಯ ಖಾತೆಯಿಂದಲೇ ವಾಪಸು ಕಳುಹಿಸಿ, ರಸೀದಿ ಹಿಂಪಡೆದು ಪುಸ್ತಕದಲ್ಲಿ ಉಳಿದ ಅದರ ಅಡಿಪ್ರತಿಗೆ ಲಗತ್ತಿಸಿ. ಮುಂದಿನ ಸಲ “ಓಟ ಪೂರ್ತಿಯಾಗದಿದ್ದರೂ ಈ ಕಾಣಿಕೆ ಸೇವೆಗೇ ಸಲ್ಲುತ್ತದೆ” ಎಂಬ ಸಾಲನ್ನು ವಾಗ್ದಾನ ಪಟ್ಟಿಯ ತಲೆಯಲ್ಲೇ ಬರೆಯಿರಿ.

ಓಟದ ನಂತರ ಬಾಕಿ ವಸೂಲಿಗೆ ಹತ್ತು ದಿನ ಸಾಕು, ಆಮೇಲೆ ಕಾಡಬೇಡಿ. ಬಾರದ ಮೊತ್ತವನ್ನು “ಬರಲಿಲ್ಲ” ಎಂದೇ ಬರೆಯಿರಿ. ಮೂವತ್ತು ದಿನದೊಳಗೆ ಒಂದು ಹಾಳೆಯ ಲೆಕ್ಕವನ್ನು ಚರ್ಚಿನ ಸೂಚನಾ ಫಲಕದಲ್ಲಿ ಹಚ್ಚಿ: ವಾಗ್ದಾನವೆಷ್ಟು, ಬಂದದ್ದೆಷ್ಟು, ವಾಪಸು ಎಷ್ಟು, ಖರ್ಚಾದದ್ದು ಯಾವ ಬಿಲ್ಲಿನಂತೆ, ಉಳಿದದ್ದೆಷ್ಟು. ಕೊಟ್ಟವರ ಹೆಸರಿನ ಮುಂದೆ ಮೊತ್ತ ಹಾಕಬೇಡಿ, 100 ರೂಪಾಯಿ ಕೊಟ್ಟ ವಿಧವೆ ತಾಯಿ ತಲೆತಗ್ಗಿಸುವಂತಾಗಬಾರದು. ರಸೀದಿ ಸಂಖ್ಯೆ ಹಾಕಿದರೆ ಅವರವರು ತಮ್ಮದನ್ನು ಹುಡುಕಿಕೊಳ್ಳುತ್ತಾರೆ. ಬೈಕು ಕೊಂಡ ದಿನ ಅದರ ಚಿತ್ರವನ್ನೂ ಬಿಲ್ಲಿನ ಪ್ರತಿಯನ್ನೂ ಎಲ್ಲ ದಾನಿಗಳಿಗೆ ಕಳುಹಿಸಿ. ರಸೀದಿ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳಿಗೆ ಅಡ್ಡಗೀಟು ಎಳೆದು, “ರದ್ದು” ಎಂದು ಬರೆದು, ಪುಸ್ತಕಗಳನ್ನು ಎಣಿಸಿ ಸಭಾ ಸಮಿತಿಗೆ ಒಪ್ಪಿಸಿ.