ಸ್ಟಿಯರಿಂಗ್ ಹಿಡಿದವರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಯಜಮಾನರು ಮೈಸೂರಿನಿಂದ ಬೆಂಗಳೂರು ಏರ್‌ಪೋರ್ಟ್‌ಗೆ ಟ್ಯಾಕ್ಸಿ ಓಡಿಸುತ್ತಾರೆ. ರಾತ್ರಿ ಹತ್ತಕ್ಕೆ ಹೊರಟರೆ ಗಿರಾಕಿ ಇಳಿಸಿ ವಾಪಸ್ ಬರುವಾಗ ಬೆಳಗಿನ ಜಾವ. ಮೊನ್ನೆ, 'ಮದ್ದೂರು ಬೈಪಾಸ್ ದಾಟಿದ್ದೇ ನೆನಪಿಲ್ಲ, ಮಂಡ್ಯ ಬಂದುಬಿಟ್ಟಿತ್ತು' ಅಂದರು. ನನಗೆ ಎದೆ ಧಸಕ್ಕೆಂದಿತು.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ನೀವು ಹೆದರಿದ್ದು ಸರಿಯಾಗಿದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಾಟಿದ ಊರು ನೆನಪಿಲ್ಲ ಎಂದರೆ ಕಣ್ಣು ತೆರೆದಿದ್ದರೂ ಜೋಂಪು ಹತ್ತಿತ್ತು ಎಂದೇ ತಿಳಿಯಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡ್ ಜೋಂಪು ಹತ್ತಿದರೆ 110 ಮೀಟರ್ ಗಾಡಿ ಯಾರ ಕೈಯಲ್ಲೂ ಇಲ್ಲ. ಹಳೇ ರಸ್ತೆಯಲ್ಲಿ ಹಂಪ್, ಸಿಗ್ನಲ್, ಊರಿನ ಗದ್ದಲ ಅಲ್ಲಲ್ಲಿ ಎಬ್ಬಿಸುತ್ತಿದ್ದವು. ಎಕ್ಸ್‌ಪ್ರೆಸ್ ವೇಯಲ್ಲಿ ಅದೂ ಇಲ್ಲ.

ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಮೈ ತಾನಾಗಿ ನಿದ್ದೆಗೆ ಎಳೆಯುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದೇ ಎಳೆತ ಸ್ವಲ್ಪ ಕಡಿಮೆ. ನಿಮ್ಮ ಯಜಮಾನರ ವಾಪಸ್ ಪ್ರಯಾಣ ಸರಿಯಾಗಿ ಆ ಹೊತ್ತಿಗೇ ಬೀಳುತ್ತಿದೆ. ಬೆಳಿಗ್ಗೆ ಎದ್ದವರು ಮಲಗದೆ 17 ಗಂಟೆ ಕಳೆದರೆ, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇದ್ದವರಷ್ಟೇ ಮಂಕಾಗುತ್ತಾರೆ. ನಮ್ಮ ಕಾನೂನು ಒಪ್ಪುವ ಮಿತಿ 30. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಎಲೆ ಅಡಿಕೆ ಜಗಿಯುವುದು ಐದು ನಿಮಿಷದ ಮಾತು. ನಿದ್ದೆಗೆ ನಿದ್ದೆಯೇ ಮದ್ದು.

ಗಿರಾಕಿ ಇಳಿಸಿದ ಮೇಲೆ, ಹೊರಡುವ ಮುಂಚೆಯೇ ಮಲಗಬೇಕು. ಸಾಧ್ಯವಾದರೆ ಒಂದೂವರೆ ಗಂಟೆ. ಅಷ್ಟು ಹೊತ್ತಿಲ್ಲದಿದ್ದರೆ ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದು ತಕ್ಷಣ 20 ನಿಮಿಷಕ್ಕೆ ಅಲಾರಂ ಇಟ್ಟು ಒರಗಲಿ; ಕಾಫಿ ಮೈಗೆ ಹತ್ತಲು ಅಷ್ಟೇ ಹೊತ್ತು ಬೇಕು. ಎದ್ದ ಮೇಲೆ ಮುಖ ತೊಳೆದು ಹತ್ತು ನಿಮಿಷ ಓಡಾಡದೆ ಸ್ಟಿಯರಿಂಗ್ ಮುಟ್ಟಬಾರದು, ಎಚ್ಚರವಾದ ಕೂಡಲೇ ತಲೆ ಇನ್ನೂ ಮಂಪರಿನಲ್ಲಿರುತ್ತದೆ. ಮಲಗುವಾಗ ಎಂಜಿನ್ ಆಫ್ ಇರಲಿ, ಕಿಟಕಿ ಎರಡು ಬೆರಳು ತೆರೆದಿರಲಿ. ಗಾಜು ಮುಚ್ಚಿ ಎ.ಸಿ. ಹಾಕಿಕೊಂಡು ಮಲಗಿದರೆ ಸೈಲೆನ್ಸರ್‌ನ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಬಹುದು. ಅದಕ್ಕೆ ವಾಸನೆಯೇ ಇಲ್ಲ. ದಾರಿಯಲ್ಲಿ ಕಣ್ಣು ಉರಿಯತೊಡಗಿದರೆ, ಗಾಡಿ ಬಿಳಿ ಗೆರೆ ತುಳಿಯತೊಡಗಿದರೆ, ಅಂಚಿನಲ್ಲಿ ನಿಲ್ಲಿಸದೆ ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಬೆಳಕಿರುವ ಪೆಟ್ರೋಲ್ ಬಂಕ್ ಸೇರಲಿ. ಅಂಚಿನಲ್ಲಿ ನಿಂತ ಗಾಡಿಗೆ ಹಿಂದೆ ತೂಕಡಿಸುತ್ತಾ ಬರುವ ಇನ್ನೊಬ್ಬರು ಗುದ್ದಬಹುದು.

ನಿಮ್ಮ ಕೈಯಲ್ಲಿರುವುದು ಹಗಲಿನ ನಿದ್ದೆ. ಕಿಟಕಿಗೆ ದಪ್ಪ ಪರದೆ ಹಾಕಿ, ಫೋನನ್ನು ಬೇರೆ ಕೋಣೆಯಲ್ಲಿಡಿ, ಏಳು ಗಂಟೆ ಯಾರೂ ಎಬ್ಬಿಸಬೇಡಿ. ಅವರು ಗೊರಕೆಯ ನಡುವೆ ಉಸಿರು ಕಟ್ಟಿ ಗಕ್ಕನೆ ಏಳುತ್ತಾರೆಯೇ, ಬೆಳಿಗ್ಗೆ ತಲೆನೋವು ಎನ್ನುತ್ತಾರೆಯೇ ಗಮನಿಸಿ. ಹಾಗಿದ್ದರೆ ಅದು ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಇರಬಹುದು. ಎದೆರೋಗದ ಅಥವಾ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ, ಚಿಕಿತ್ಸೆ ಇದೆ. ನೆಗಡಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಯಲ್ಲೂ ಮಂಪರು ತರುವ ಔಷಧ ಇರುವುದುಂಟು, ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಮೈಸೂರಿನಲ್ಲಿ ಶಾಲಾ ವ್ಯಾನ್ ಓಡಿಸುತ್ತೇನೆ. ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ. ಏಳಕ್ಕೆ ನುಂಗಿ, ಮಕ್ಕಳನ್ನು ಬಿಟ್ಟು ಬಂದು ಹತ್ತಕ್ಕೆ ತಿಂಡಿ. ಒಂದೆರಡು ಸಲ ಕೈ ನಡುಗಿ ಬೆವರು ಕಿತ್ತುಕೊಂಡು ಬಂತು.
– ಓದುಗರು, ಕುವೆಂಪುನಗರ

ಉತ್ತರ: ಅದು ಶುಗರ್ ಇಳಿದ ಲಕ್ಷಣ. ಆ ಮಾತ್ರೆ ಹೊಟ್ಟೆ ಖಾಲಿ ಇದ್ದರೂ ಇನ್ಸುಲಿನ್ ಸುರಿಸುತ್ತದೆ. ಮಾತ್ರೆ ನುಂಗಿದ ಮೇಲೆ ತಿಂಡಿ ತಡವಾಗಲೇಬಾರದು. ಮನೆಯಲ್ಲೇ ಎರಡು ಇಡ್ಲಿ ತಿಂದು ಹೊರಡಿ. ಹೆದರಿ ಮಾತ್ರೆ ನಿಲ್ಲಿಸಬೇಡಿ, ನಿಮ್ಮ ಕೆಲಸದ ಹೊತ್ತನ್ನು ವೈದ್ಯರಿಗೆ ತಿಳಿಸಿದರೆ ಸಮಯವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ಹೊರಡುವ ಮುಂಚೆ ಬೆರಳು ಚುಚ್ಚಿ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಿ, 70ಕ್ಕಿಂತ ಕಡಿಮೆ ಇದ್ದರೆ ಕೀಲಿ ಕೈಗೆತ್ತಿಕೊಳ್ಳಲೇಬೇಡಿ. ನಡುಕ ಶುರುವಾದರೆ ವ್ಯಾನ್ ಪಕ್ಕಕ್ಕೆ ನಿಲ್ಲಿಸಿ, ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮಟ್ಟ ಏರಿದ ಮೇಲೂ 45 ನಿಮಿಷ ಓಡಿಸಬಾರದು, ತಲೆ ತಿಳಿಯಾಗಲು ಅಷ್ಟು ಹೊತ್ತು ಬೇಕು. ಸಕ್ಕರೆ ಪೊಟ್ಟಣ ಕೈಗೆ ಸಿಗುವ ಕಡೆ ಇರಲಿ. ವ್ಯಾನಿನ ಆಯಮ್ಮನಿಗೂ ಎಲ್ಲಿದೆಯೆಂದು ತೋರಿಸಿಡಿ.

ಪ್ರಶ್ನೆ: ಗೂಡ್ಸ್ ಆಟೋ ಓಡಿಸಿ ಸೊಂಟ ಹಿಡಿದುಕೊಳ್ಳುತ್ತಿದೆ.
– ಓದುಗರು, ನಂಜನಗೂಡು

ಉತ್ತರ: ಮೊದಲು ಹಿಂದಿನ ಜೇಬಿನ ಪರ್ಸ್ ತೆಗೆಯಿರಿ, ಅದು ಸೊಂಟವನ್ನು ಒಂದು ಕಡೆಗೆ ವಾಲಿಸುತ್ತದೆ. ಟವೆಲ್ ಸುತ್ತಿ ಸೊಂಟದ ಕುಳಿಗೆ ಒತ್ತಾಗಿಡಿ. ಎರಡು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ನೋವು ಕಾಲಿಗೆ ಇಳಿದು ಜೋಮು ಹಿಡಿದರೆ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಕಬ್ಬು ಅರೆಯುವ ಹಂಗಾಮಿನಲ್ಲಿ ನಮ್ಮ ಹುಡುಗರು ರಾತ್ರಿ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಟ್ರೇಲರ್‌ಗೆ ಹಿಂದಿನಿಂದ ಬೈಕ್ ಗುದ್ದುವುದು ಹೇಗೆ ತಪ್ಪಿಸುವುದು?
– ಓದುಗರು, ಪಾಂಡವಪುರ

ಉತ್ತರ: ಟ್ರೇಲರ್‌ಗೆ ಲೈಟ್ ಇದ್ದರೂ ಹೊರಚಾಚಿದ ಕಬ್ಬಿನ ತುದಿ ಅದನ್ನು ಮುಚ್ಚಿರುತ್ತದೆ. ಲೋಡ್ ಆದ ಮೇಲೆ 30 ಹೆಜ್ಜೆ ಹಿಂದೆ ನಿಂತು ನೋಡಿ. ಲೈಟ್ ಕಾಣದಿದ್ದರೆ ತುದಿ ಕತ್ತರಿಸಿ. ಇಂಡಿಕೇಟರ್ ಹಾಕಿದಾಗ ಬೇರೆ ಬಲ್ಬೂ ಮಿಣುಕಿದರೆ ಅರ್ಥಿಂಗ್ ವೈರ್ ತುಕ್ಕು ಹಿಡಿದಿರಬಹುದು. ಬಿಚ್ಚಿ ಉಪ್ಪು ಕಾಗದದಿಂದ ಉಜ್ಜಿ ಬಿಗಿ ಮಾಡಿ. ಹಿಂಭಾಗಕ್ಕೆ ಕೆಂಪು, ಪಕ್ಕಕ್ಕೆ ಹಳದಿ ರಿಫ್ಲೆಕ್ಟರ್ ಟೇಪ್ ಅಂಟಿಸಿ, ಪ್ರತಿ ಟ್ರಿಪ್‌ಗೂ ಒದ್ದೆ ಬಟ್ಟೆಯಿಂದ ಒರೆಸಿ. ಗದ್ದೆ ಕೆಸರು ಮೆತ್ತಿದ ಟೇಪು ಕತ್ತಲಲ್ಲಿ ಇದ್ದೂ ಇಲ್ಲದಂತೆ.

ಕಾರ್ಖಾನೆ ಯಾರ್ಡಿನಲ್ಲಿ ಸರದಿ ಕಾಯುವಾಗ ಟ್ರೇಲರ್ ಅಡಿ ಮಲಗಲು ಬಿಡಲೇಬೇಡಿ. ಸಾಲು ಮುಂದೆ ಸರಿದಾಗ ಅಡಿಯಲ್ಲಿ ಯಾರಿದ್ದಾರೆಂದು ಯಾರೂ ಬಗ್ಗಿ ನೋಡುವುದಿಲ್ಲ. ರಸ್ತೆಯಲ್ಲಿ ಕೆಟ್ಟು ನಿಂತರೆ ಚಕ್ರಕ್ಕೆ ಮರದ ಅಡ್ಡಗಟ್ಟೆ ಕೊಟ್ಟು, ಕನಿಷ್ಠ 50 ಮೀಟರ್ ಹಿಂದೆ ಕೆಂಪು ತ್ರಿಕೋನ ಇಡಿ. ಸೊಪ್ಪು, ಕಲ್ಲು ಇಡುವ ರೂಢಿ ಬಿಡಿ. ರಿಪೇರಿ ಮುಗಿಸಿ ಹೊರಡುವ ಅವಸರದಲ್ಲಿ ಕಲ್ಲು ಅಲ್ಲೇ ಉಳಿಯುತ್ತದೆ, ಆಮೇಲೆ ಬರುವ ಬೈಕಿನವರು ಅದಕ್ಕೇ ಎಡವುತ್ತಾರೆ.